ಚೆಂಡು ಕಳೆದುಕೊಳ್ಳುವ ಹಕ್ಕು



ದತ್ತಿ ಉಪನ್ಯಾಸವೆಂದರೆ ಕಾವ್ಯ, ಶಾಸನ, ಇತಿಹಾಸ ಎಂದು ರೂಢಿಯಾಗಿರುವ ಈ ವೇದಿಕೆಯಲ್ಲಿ ಫುಟ್‌ಬಾಲಿನ ಬಗ್ಗೆ ಒಂದು ಗಂಟೆ ಮಾತಾಡಲು ಬಿಟ್ಟಿದ್ದೀರಿ. ವಿಷಯ ಇಷ್ಟೇ: ಯುರೋಪಿನ ಉನ್ನತ ದರ್ಜೆಯ ಫುಟ್‌ಬಾಲು, ಅದರಲ್ಲೂ ವಾರಾಂತ್ಯದ ಸಂಜೆಗಳಲ್ಲಿ ನಮ್ಮ ಮನೆಯ ಟಿ.ವಿ.ಗೂ ಬಂದು ಕೂರುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್, ನೋಡಲು ಮೊದಲಿಗಿಂತ ಸಪ್ಪೆಯಾಗಿದೆಯೇ? ಆಗಿದೆ ಎನ್ನುವವರು ಬಹಳ. ಐವತ್ತು ದಾಟಿದವರಷ್ಟೇ ಇದನ್ನು ಹೇಳುತ್ತಿದ್ದರೆ ಮಾತನ್ನು ಅಲ್ಲಿಗೇ ಬಿಡಬಹುದಿತ್ತು. ಇಪ್ಪತ್ತರ ಹುಡುಗರೂ ಹೇಳುತ್ತಿದ್ದಾರೆ. ಪಂದ್ಯ ನಡೆಯುತ್ತಿರುವಾಗಲೇ ಫೋನ್ ತೆಗೆಯುವವರು ಅವರೇ.

ಮೊದಲು ಗೋಲಿನ ಲೆಕ್ಕ ನೋಡೋಣ. ದೂರು ಹೇಳುವವರು ಸಾಮಾನ್ಯವಾಗಿ ಅದನ್ನು ನೋಡಿರುವುದಿಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಶುರುವಾದಾಗ ಮೊದಲ ಋತುವಿನ 462 ಪಂದ್ಯಗಳಲ್ಲಿ 1,222 ಗೋಲು ಬಂದವು, ಪಂದ್ಯಕ್ಕೆ ಸರಾಸರಿ 2.65. 2006-07ರಲ್ಲಿ ಅದು 2.45ಕ್ಕೆ ಇಳಿಯಿತು. 2023-24ರಲ್ಲಿ 380 ಪಂದ್ಯಗಳಲ್ಲಿ 1,246 ಗೋಲು, ಸರಾಸರಿ 3.28. ವಿಶ್ವಕಪ್‌ನಲ್ಲಿ 2022ರ ಕತಾರಿನಲ್ಲಿ ಬಂದ 172 ಗೋಲುಗಳು ಆವರೆಗಿನ ಎಲ್ಲ ವಿಶ್ವಕಪ್‌ಗಳಿಗಿಂತ ಹೆಚ್ಚು. ಅಲ್ಲಿನ ಫೈನಲ್ಲನ್ನು ನೋಡಿದವರು, ಫ್ರಾನ್ಸಿನ ಎಂಬಾಪೆಯ ಮೂರು ಗೋಲುಗಳನ್ನೂ ಅರ್ಜೆಂಟೀನಾದ ಮೆಸ್ಸಿಯ ಎರಡನ್ನೂ ಕಂಡವರು, ಫುಟ್‌ಬಾಲು ಸತ್ತಿತು ಎಂದು ಹೇಳಲಾರರು. ಆದ್ದರಿಂದ ಗೋಲಿಗೆ ಬರ ಬಂದಿದೆ ಎಂಬ ವಾದ ನಿಲ್ಲುವುದಿಲ್ಲ.

ಹಳೆಯ ಕಾಲವೆಲ್ಲ ರಸಮಯವಾಗಿತ್ತು ಎಂಬುದೂ ನಿಲ್ಲುವುದಿಲ್ಲ. 1986ರ ವಿಶ್ವಕಪ್‌ನಲ್ಲಿ, ದೂರದರ್ಶನದ ಮೂಲಕ, ಅರ್ಜೆಂಟೀನಾದ ಮರಡೋನಾನನ್ನು ಕಂಡ ಪೀಳಿಗೆ ನಮ್ಮದು. ಇಂಗ್ಲೆಂಡಿನ ಐದಾರು ಮಂದಿಯನ್ನು ದಾಟಿ ಅವನು ಹೊಡೆದ ಆ ಗೋಲನ್ನು ಎದೆಯಲ್ಲಿಟ್ಟುಕೊಂಡು, ಆ ಕಾಲದ ಆಟವೆಲ್ಲ ಹಾಗೇ ಇತ್ತೆಂದು ನಂಬಿಬಿಟ್ಟಿದ್ದೇವೆ. ಅದೇ ಮರಡೋನಾನನ್ನು ನಾಲ್ಕು ವರ್ಷ ಮೊದಲು, 1982ರ ವಿಶ್ವಕಪ್‌ನಲ್ಲಿ, ಇಟಲಿಯ ಕ್ಲಾಡಿಯೋ ಜೆಂಟೀಲೆ ಒಂದೇ ಪಂದ್ಯದಲ್ಲಿ 23 ಬಾರಿ ಫೌಲ್ ಮಾಡಿ ಕಟ್ಟಿಹಾಕಿದ್ದ. ಕೆಂಪು ಚೀಟಿ ಕಾಣಲಿಲ್ಲ. ಅದೇ ಟೂರ್ನಿಯಲ್ಲಿ, ಸ್ಪೇನಿನ ಹಿಹೋನ್ ಎಂಬ ಊರಿನಲ್ಲಿ, ಪಶ್ಚಿಮ ಜರ್ಮನಿ ಹತ್ತು ನಿಮಿಷದೊಳಗೆ ಆಸ್ಟ್ರಿಯಾದ ಮೇಲೆ ಒಂದು ಗೋಲು ಹೊಡೆಯಿತು. ಆ ಅಂತರದಲ್ಲಿ ಪಂದ್ಯ ಮುಗಿದರೆ ಇಬ್ಬರೂ ಮುಂದಿನ ಸುತ್ತಿಗೆ, ಅದೇ ಗುಂಪಿನ ಅಲ್ಜೀರಿಯಾ ಮನೆಗೆ. ಉಳಿದ ಎಂಬತ್ತು ನಿಮಿಷ ಎರಡೂ ತಂಡಗಳು ಚೆಂಡನ್ನು ಅತ್ತಿತ್ತ ತಳ್ಳಿ ಕಾಲ ಕಳೆದವು. ಗುಂಪಿನ ಕೊನೆಯ ಪಂದ್ಯಗಳನ್ನು ಒಂದೇ ಹೊತ್ತಿಗೆ ಆಡಿಸುವ ಪದ್ಧತಿ ಬಂದದ್ದು ಆ ನಾಚಿಕೆಗೇಡಿನ ನಂತರ. ಸಪ್ಪೆ ಆಟವನ್ನು ಈ ಶತಮಾನ ಕಂಡುಹಿಡಿದದ್ದಲ್ಲ.

ಹಾಗಾದರೆ ದೂರು ಸುಳ್ಳೇ? ಸುಳ್ಳಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಅದರ ವಿಳಾಸ ತಪ್ಪಿದೆ. ಜನ ಕೋಚುಗಳನ್ನು ಬೈಯುತ್ತಾರೆ, ಹಣವನ್ನು ಬೈಯುತ್ತಾರೆ, ಪೆಪ್ ಗಾರ್ಡಿಯೋಲಾ ಎಂಬ ಕೋಚನ್ನಂತೂ ಹೆಸರು ಹಿಡಿದೇ ಬೈಯುತ್ತಾರೆ. ಇತಿಹಾಸ ಬೇರೆ ಹೇಳುತ್ತದೆ. ಬುದ್ಧಿವಂತ ಕೋಚು ಎಂದಿಗೂ ನಿಯಮದೊಳಗೆ ಸೋಲದಿರುವ ದಾರಿಯನ್ನೇ ಹುಡುಕುತ್ತಾನೆ. ಆ ದಾರಿ ನೋಡುವವನಿಗೆ ಬೇಸರ ತಂದಾಗ ಅವನ ಮನ ಕರಗಿ ಆಟ ಸುಧಾರಿಸಿದ ಉದಾಹರಣೆ ನನಗೆ ಸಿಕ್ಕಿಲ್ಲ. ಸುಧಾರಿಸಿದ್ದೆಲ್ಲ ನಿಯಮ ಬದಲಾಗಿದ್ದರಿಂದ. ಹಾಗೆ ಬದಲಿಸಿದ ನಿಯಮವೇ ಒಂದು ತಲೆಮಾರು ಕಳೆದ ಮೇಲೆ ಹೊಸ ಬೇಸರವನ್ನು ಹೆತ್ತದ್ದೂ ಉಂಟು. ಈ ವಂಶಾವಳಿಯನ್ನು ಸ್ವಲ್ಪ ನಿಧಾನವಾಗಿ ನೋಡೋಣ.

1925ಕ್ಕೆ ಹೋಗೋಣ. ಆಗ ಆಫ್‌ಸೈಡ್ ನಿಯಮದ ಪ್ರಕಾರ, ಚೆಂಡು ಪಡೆಯುವ ಮುನ್ಪಡೆಯ ಆಟಗಾರನಿಗೂ ಗೋಲ್ ಗೆರೆಗೂ ನಡುವೆ ಎದುರಾಳಿಯ ಮೂವರು ಇರಬೇಕಿತ್ತು. ಗೋಲ್‌ಕೀಪರ್ ಒಬ್ಬ, ಫುಲ್‌ಬ್ಯಾಕ್ ಇಬ್ಬರು. ಒಬ್ಬ ಫುಲ್‌ಬ್ಯಾಕ್ ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ಎದುರಾಳಿ ಬಲೆಗೆ ಬಿದ್ದ. ಬಲೆ ತಪ್ಪಿದರೂ ಹಿಂದೆ ಇನ್ನೊಬ್ಬ ಕಾವಲಿದ್ದ. ನ್ಯೂಕ್ಯಾಸಲ್‌ನ ಬಿಲ್ ಮೆಕ್ರ್ಯಾಕನ್ ಈ ವಿದ್ಯೆಯಲ್ಲಿ ಎಷ್ಟು ಪಳಗಿದ್ದನೆಂದರೆ ಅವನ ಹೆಸರು ಕೇಳಿದರೆ ಎದುರು ಊರಿನ ಪ್ರೇಕ್ಷಕರು ಸಿಡಿಮಿಡಿಗೊಳ್ಳುತ್ತಿದ್ದರು. ಎಲ್ಲ ತಂಡಗಳೂ ಅದನ್ನು ಕಲಿತವು. ಆಟ ಮೈದಾನದ ನಡುವಿನ ಒಂದು ಪಟ್ಟಿಯಲ್ಲಿ ಸಿಕ್ಕಿಕೊಂಡಿತು. 1924-25ರಲ್ಲಿ ಇಂಗ್ಲಿಷ್ ಲೀಗಿನ ನಾಲ್ಕು ವಿಭಾಗಗಳ 1,848 ಪಂದ್ಯಗಳಲ್ಲಿ ಬಂದದ್ದು 4,700 ಗೋಲು. ಬೇಸಿಗೆಯಲ್ಲಿ ನಿಯಮ ತಿದ್ದಿ ಮೂವರ ಜಾಗದಲ್ಲಿ ಇಬ್ಬರು ಎಂದರು. ಮರುವರ್ಷ ಅಷ್ಟೇ ಪಂದ್ಯಗಳಲ್ಲಿ 6,373 ಗೋಲು. ಒಂದೇ ಒಂದು ಅಂಕಿ ಬದಲಾಗಿತ್ತು.

ಮುಂದಿನದು ಇನ್ನೂ ಸ್ವಾರಸ್ಯ. ಅದೇ ಅಕ್ಟೋಬರಿನಲ್ಲಿ ಆರ್ಸೆನಲ್ ತಂಡ ನ್ಯೂಕ್ಯಾಸಲ್‌ನಲ್ಲಿ 7-0ಯಿಂದ ಸೋತಿತು. ಹರ್ಬರ್ಟ್ ಚಾಪ್‌ಮನ್ ಆಗಷ್ಟೇ ಆರ್ಸೆನಲ್‌ಗೆ ಬಂದಿದ್ದ ಮ್ಯಾನೇಜರ್. ತಂಡದ ಹಿರಿಯ ಚಾರ್ಲಿ ಬುಕಾನ್ ಪಟ್ಟು ಹಿಡಿದು ಕೂತ: ನಡುವೆ ಸ್ವತಂತ್ರವಾಗಿ ಓಡಾಡುವ ಸೆಂಟರ್ ಹಾಫನ್ನು ಹಿಂದಕ್ಕೆ ಕರೆದು ಇಬ್ಬರು ಫುಲ್‌ಬ್ಯಾಕ್‌ಗಳ ನಡುವೆ ನಿಲ್ಲಿಸಬೇಕು. ಚಾಪ್‌ಮನ್ ಒಪ್ಪಿದ. ಎರಡು ದಿನದ ಮೇಲೆ ವೆಸ್ಟ್ ಹ್ಯಾಮ್ ವಿರುದ್ಧ 4-0 ಗೆಲುವು. ಆವರೆಗೆ ಮೈದಾನದ ಅತ್ಯಂತ ಸೃಜನಶೀಲ ಆಟಗಾರನಾಗಿದ್ದ ಸೆಂಟರ್ ಹಾಫ್ ಅಂದಿನಿಂದ ಪಹರೆಯವನಾದ. ಕೆಲವು ವರ್ಷಗಳಲ್ಲಿ ಆರ್ಸೆನಲ್‌ನ ಹರ್ಬಿ ರಾಬರ್ಟ್ಸ್ ಆ ಜಾಗದಲ್ಲಿ ನಿಂತು, ಎದುರಾಳಿಯನ್ನು ತಡೆಯುವುದೊಂದೇ ಕೆಲಸವಾಗಿ, ಇಡೀ ದೇಶಕ್ಕೆ ಮಾದರಿಯಾದ. ಗೋಲು ಹೆಚ್ಚಿಸಲು ತಂದ ನಿಯಮ ಗೋಲು ತಡೆಯುವ ಕಸುಬುದಾರನನ್ನು ಸೃಷ್ಟಿಸಿತ್ತು.

ಎರಡನೆಯ ಕಥೆ ನಮ್ಮ ಕಣ್ಣೆದುರೇ ನಡೆದದ್ದು. 1990ರ ಇಟಲಿ ವಿಶ್ವಕಪ್: 52 ಪಂದ್ಯ, 115 ಗೋಲು, ಸರಾಸರಿ 2.21. ವಿಶ್ವಕಪ್ ಇತಿಹಾಸದಲ್ಲಿ ಅಷ್ಟು ಕೆಳಗೆ ಅದು ಇಳಿದದ್ದಿಲ್ಲ. (1954ರಲ್ಲಿ ಅದು 5.38 ಇತ್ತು ಎಂದು ಜ್ಞಾಪಿಸಿಕೊಂಡರೆ ನಿಟ್ಟುಸಿರು ಬರುತ್ತದೆ.) ಫೈನಲ್ ಪೆನಾಲ್ಟಿಯ ಒಂದು ಗೋಲಿನಿಂದ ಮುಗಿಯಿತು, ಅರ್ಜೆಂಟೀನಾದ ಇಬ್ಬರು ಹೊರಹೋಗಿದ್ದರು. ಪಲೆರ್ಮೋದಲ್ಲಿ ಐರ್ಲೆಂಡ್ ಮತ್ತು ಈಜಿಪ್ಟ್ ಆಡಿದ ಗೋಲಿಲ್ಲದ ಪಂದ್ಯವನ್ನು ಪೂರ್ತಿ ನೋಡಿದವರು ಪುಣ್ಯವಂತರೋ ಪಾಪಿಗಳೋ ತಿಳಿಯದು. ಆಗಿನ ಕಾಯಿಲೆ ಸರಳ. ಸ್ವಲ್ಪ ಒತ್ತಡ ಬಂದರೆ ಡಿಫೆಂಡರ್ ಚೆಂಡನ್ನು ತನ್ನ ಗೋಲ್‌ಕೀಪರ್‌ಗೆ ಹಿಂದಿರುಗಿಸುವುದು, ಅವನು ಕೈಯಲ್ಲಿ ಎತ್ತಿ ಅಪ್ಪಿಕೊಳ್ಳುವುದು, ಉರುಳಿಸುವುದು, ಮತ್ತೆ ವಾಪಸ್ ಪಡೆಯುವುದು. 1992ರ ಯುರೋ ಫೈನಲ್‌ನಲ್ಲಿ ಡೆನ್ಮಾರ್ಕ್ ಜರ್ಮನಿಯನ್ನು ಸೋಲಿಸಿದ ಕಥೆ ಎಷ್ಟು ಸುಂದರವೋ, ಮುನ್ನಡೆ ಸಿಕ್ಕ ಮೇಲೆ ಚೆಂಡು ಅದರ ಗೋಲ್‌ಕೀಪರ್ ಷ್ಮೈಕಲ್‌ನ ಕೈಗೆ ಮತ್ತೆ ಮತ್ತೆ ಹೋದ ದೃಶ್ಯ ಅಷ್ಟೇ ನೀರಸ. ಅದೇ ವರ್ಷ ನಿಯಮ ಬಂತು: ಸ್ವಂತ ತಂಡದವನು ಬೇಕೆಂದೇ ಕಾಲಿನಿಂದ ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ.

ನೂರು ವರ್ಷದಲ್ಲಿ ಬಂದ ತಿದ್ದುಪಡಿಗಳಲ್ಲಿ ನೋಡುಗನಿಗೆ ಇಷ್ಟು ಉಪಕಾರ ಮಾಡಿದ್ದು ಇನ್ನೊಂದಿಲ್ಲ. ಮೊದಲ ಒಂದೆರಡು ವರ್ಷ ಕೀಪರ್‌ಗಳ ಪಾಡು ನೋಡಬೇಕಿತ್ತು. ಕೈಯನ್ನೇ ನಂಬಿ ಬೆಳೆದವರು ಕಾಲಿಗೆ ಬಂದ ಚೆಂಡನ್ನು ಗ್ಯಾಲರಿಗೆ ಒದೆಯುತ್ತಿದ್ದರು. ಅದರ ಮೇಲೆ ಬಿದ್ದು ಗೋಲು ಹೊಡೆಯುವವರಿಗೆ ಹಬ್ಬ. ಆದರೆ ಹಾಲೆಂಡಿನಲ್ಲಿ ಬೇರೆಯದೇ ಯೋಚನೆ ನಡೆದಿತ್ತು. ಯೋಹಾನ್ ಕ್ರೈಫ್‌ನ ಶಿಷ್ಯಪರಂಪರೆಗೆ ಇದು ಅಡ್ಡಿಯಾಗಿ ಕಾಣಲಿಲ್ಲ. ಎದುರು ತಂಡದ ಕೀಪರ್ ತನ್ನ ಗೋಲು ಬಿಟ್ಟು ಬರಲಾರ. ನಮ್ಮ ಕೀಪರ್‌ಗೆ ಕಾಲಿನಲ್ಲಿ ಆಡಲು ಬಂದರೆ ಚೆಂಡು ನಮ್ಮಲ್ಲಿರುವಾಗ ನಾವು ಹನ್ನೊಂದು, ಅವರು ಹತ್ತು. ಅಜಾಕ್ಸ್‌ನ ಎಡ್ವಿನ್ ವಾನ್ ಡರ್ ಸಾರ್ ಈ ಲೆಕ್ಕದ ಮೊದಲ ದೊಡ್ಡ ಹೆಸರು; 1995ರಲ್ಲಿ ಆ ತಂಡ ಯುರೋಪನ್ನೇ ಗೆದ್ದಿತು. 1992ರಲ್ಲೇ, ಕ್ರೈಫ್‌ನ ಬಾರ್ಸಿಲೋನಾ ಮೊದಲ ಬಾರಿ ಯುರೋಪಿಯನ್ ಕಪ್ ಎತ್ತಿದಾಗ, ಮಧ್ಯದಲ್ಲಿ ಆಡುತ್ತಿದ್ದ ಇಪ್ಪತ್ತೊಂದರ ತೆಳ್ಳನೆಯ ಹುಡುಗ ಪೆಪ್ ಗಾರ್ಡಿಯೋಲಾ.

ಈ ಹುಡುಗ 2016ರಲ್ಲಿ ಮ್ಯಾಂಚೆಸ್ಟರ್ ಸಿಟಿಗೆ ಕೋಚಾಗಿ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಇಂಗ್ಲೆಂಡಿನ ಗೋಲ್‌ಕೀಪರ್ ಜೋ ಹಾರ್ಟ್‌ನನ್ನು ಬದಿಗಿಟ್ಟದ್ದು. ಹಾರ್ಟ್‌ಗೆ ಚೆಂಡು ತಡೆಯಲು ಬರುತ್ತಿತ್ತು. ಕಾಲಿನಲ್ಲಿ ಕೊಡಲು ಅಷ್ಟಾಗಿ ಬರುತ್ತಿರಲಿಲ್ಲ. ಮರುವರ್ಷ ಬಂದ ಕೀಪರ್ ಎಡರ್ಸನ್‌ಗೆ ಅರವತ್ತು ಗಜದ ಪಾಸು ಎಡಗಾಲಿನ ಆಟ. ಆ ಋತುವಿನಲ್ಲಿ ಸಿಟಿ 100 ಅಂಕ, 106 ಗೋಲು ಗಳಿಸಿತು. ಹೇಳುತ್ತೇನೆ, ಆ ತಂಡ ಬೇಸರದ್ದಾಗಿರಲಿಲ್ಲ. ಒಂದು ಹೊಸ ಯೋಚನೆ ಮೊದಲ ಬಾರಿ ಪೂರ್ತಿಯಾಗಿ ಅರಳುವುದನ್ನು ನೋಡುವ ಸುಖ ಅಲ್ಲಿತ್ತು. 2019ರಲ್ಲಿ ಇನ್ನೊಂದು ಸಣ್ಣ ತಿದ್ದುಪಡಿ ಆಯಿತು: ಗೋಲ್ ಕಿಕ್ಕಿನ ಚೆಂಡು ಪೆನಾಲ್ಟಿ ಪ್ರದೇಶ ದಾಟಲೇಬೇಕೆಂದಿಲ್ಲ, ಒದ್ದ ಕೂಡಲೇ ಆಟದಲ್ಲಿದೆ. ಅಲ್ಲಿಗೆ ಎಲ್ಲ ಕಟ್ಟುಗಳೂ ಬಿಚ್ಚಿಕೊಂಡವು. ಇವತ್ತು ಇಂಗ್ಲೆಂಡಿನಲ್ಲಿ ಗೋಲ್ ಕಿಕ್ ಅಂದರೆ ಕೀಪರ್ ಪಕ್ಕದ ಸೆಂಟರ್ ಬ್ಯಾಕಿಗೆ ಕೊಡುವುದು, ಅವನು ವಾಪಸ್ ಕೊಡುವುದು, ಇತ್ತ ಇನ್ನೊಬ್ಬ, ಮತ್ತೆ ಕೀಪರ್.

ಬ್ರೈಟನ್ ತಂಡಕ್ಕೆ 2022ರಲ್ಲಿ ಕೋಚಾಗಿ ಬಂದ ರೊಬೆರ್ಟೊ ಡಿ ಜೆರ್ಬಿ ಇದಕ್ಕೊಂದು ತುತ್ತತುದಿ ತೋರಿಸಿದ. ಅವನ ಡಿಫೆಂಡರು ಚೆಂಡಿನ ಮೇಲೆ ಅಂಗಾಲಿಟ್ಟು ಸುಮ್ಮನೆ ನಿಲ್ಲುತ್ತಿದ್ದ. ಎದುರಾಳಿ ಬರಲಿ, ಬಂದರೆ ಅವನ ಹಿಂದೆ ಖಾಲಿಯಾದ ಜಾಗಕ್ಕೆ ಚೆಂಡು ಹೋಗುತ್ತದೆ ಎಂಬ ಗಾಳ. ಮೊದಲ ಸಲ ಕಂಡಾಗ ರೋಮಾಂಚನವಾಗುತ್ತಿತ್ತು. ಎದುರಾಳಿಗಳು ದಡ್ಡರಲ್ಲ, ಬರದೇ ನಿಂತರು. ಈಗ ಅವನೂ ನಿಂತಿದ್ದಾನೆ, ಇವನೂ ನಿಂತಿದ್ದಾನೆ, ಅರವತ್ತು ಸಾವಿರ ಜನ ಟಿಕೆಟ್ ಕೊಟ್ಟು ಕುಳಿತಿದ್ದಾರೆ. ಕಸುಬು ತಿಳಿದವರ ಕೈಯಲ್ಲಿ ಇದು ಇಷ್ಟಾದರೆ ಅನುಕರಿಸುವವರ ಕೈಯಲ್ಲಿ ಕೇಳುವುದೇ ಬೇಡ. 2023-24ರಲ್ಲಿ ವಿನ್ಸೆಂಟ್ ಕೊಂಪನಿಯ ಬರ್ನ್‌ಲಿ, ಮರುವರ್ಷ ರಸೆಲ್ ಮಾರ್ಟಿನ್‌ನ ಸೌತಾಂಪ್ಟನ್, ತಮ್ಮ ಆಟಗಾರರ ಕೈಗೆಟುಕದ ಈ ಪಾಠವನ್ನು ಹಟ ಹಿಡಿದು ಒಪ್ಪಿಸಿ, ಸ್ವಂತ ಪೆನಾಲ್ಟಿ ಪ್ರದೇಶದಲ್ಲೇ ಚೆಂಡು ಕೊಟ್ಟು ಗೋಲು ತಿಂದವು. ಬರ್ನ್‌ಲಿ ಕೆಳಗಿನ ದರ್ಜೆಗೆ ಇಳಿಯಿತು. ಅದರ ಕೋಚನ್ನು ಬಾಯರ್ನ್ ಮ್ಯೂನಿಕ್ ಕರೆದು ಕೆಲಸ ಕೊಟ್ಟಿತು! ಸೋತ ಕೋಚನ್ನು ಗೆಲ್ಲುವ ಕ್ಲಬ್ಬು ಕರೆಯುವಷ್ಟು ಈ ವಿಧಾನದ ಪ್ರತಿಷ್ಠೆ ಬೆಳೆದಿತ್ತು.

ಕಂಡಿರಲ್ಲ, 1990ರ ಬೇಸರಕ್ಕೆ ಕೊಟ್ಟ ಔಷಧಿಯ ಮೊಮ್ಮಗ ಇವತ್ತಿನ ಬೇಸರ. ಆಗ ಚೆಂಡು ಕೀಪರನ ಕೈಗೆ ಹೋಗುತ್ತಿತ್ತು, ಈಗ ಕಾಲಿಗೆ ಹೋಗುತ್ತದೆ.

ಇನ್ನು, ಕಳೆದುಹೋದದ್ದು ನಿಖರವಾಗಿ ಏನು ಎಂಬ ಪ್ರಶ್ನೆ. ಜಾಕ್ ಗ್ರೀಲಿಷ್‌ನ ಉದಾಹರಣೆ ತೆಗೆದುಕೊಳ್ಳಿ. ಆಸ್ಟನ್ ವಿಲ್ಲಾದಲ್ಲಿ ಅವನು ಕಾಲುಚೀಲ ಕೆಳಗಿಳಿಸಿಕೊಂಡು, ಮೂವರ ಮಧ್ಯೆ ನುಗ್ಗಿ, ಐದರಲ್ಲಿ ಮೂರು ಬಾರಿ ಬಿದ್ದು, ಎರಡು ಬಾರಿ ದಾರಿ ಮಾಡಿಕೊಳ್ಳುತ್ತಿದ್ದ. ಇಂಗ್ಲೆಂಡಿನಲ್ಲಿ ಅತಿ ಹೆಚ್ಚು ಫೌಲ್ ಮಾಡಿಸಿಕೊಂಡವರ ಸಾಲಿನಲ್ಲಿ ಅವನ ಹೆಸರು. 2021ರಲ್ಲಿ ಹತ್ತು ಕೋಟಿ ಪೌಂಡ್ ಕೊಟ್ಟು ಸಿಟಿ ಅವನನ್ನು ಕೊಂಡಿತು. ಅಲ್ಲಿ ಅವನು ಗೆಲ್ಲಬೇಕಾದದ್ದೆಲ್ಲ ಗೆದ್ದ. 2023ರಲ್ಲಿ ಲೀಗ್, ಎಫ್.ಎ. ಕಪ್, ಚಾಂಪಿಯನ್ಸ್ ಲೀಗ್ ಮೂರೂ. ಆದರೆ ಎಡ ಅಂಚಿನಲ್ಲಿ ಚೆಂಡು ಹಿಡಿದು, ಎದುರಿಗಿದ್ದವನನ್ನು ಒಮ್ಮೆ ದಿಟ್ಟಿಸಿ, ಹಿಂದೆ ಪಾಸು ಕೊಡುವ ಆಟಗಾರನಾಗಿದ್ದ. ಅವನಿಗೆ ಆಟ ಮರೆತಿರಲಿಲ್ಲ. ಚೆಂಡು ಕಳೆದುಕೊಂಡ ಕ್ಷಣವೇ ತಂಡಕ್ಕೆ ಅಪಾಯ ಎಂದು ಆ ವ್ಯವಸ್ಥೆ ಲೆಕ್ಕ ಹಾಕಿತ್ತು, ಲೆಕ್ಕ ಸರಿಯೂ ಆಗಿತ್ತು.

ದೂರದಿಂದ ಹೊಡೆಯುವ ಗೋಲಿನ ಗತಿಯೂ ಇದೇ. ಮೂವತ್ತು ಗಜದಿಂದ ಹೊಡೆದ ನೂರರಲ್ಲಿ ಎಷ್ಟು ಒಳಗೆ ಹೋಗುತ್ತವೆ ಎಂದು ಈಗ ಪ್ರತಿ ಕ್ಲಬ್ಬಿನ ಅಂಕಿಅಂಶದ ಕೋಣೆಗೆ ಗೊತ್ತು. ಬಹಳ ಕಡಿಮೆ. ಆದ್ದರಿಂದ ಹೊಡೆಯಬೇಡ, ಇನ್ನೂ ಹತ್ತಿರ ಹೋಗು. ತೊಂಬತ್ತೇಳು ಬಾರಿ ಗ್ಯಾಲರಿಗೆ ಹೋದರೂ ಮಿಕ್ಕ ಮೂರಕ್ಕಾಗಿ ಜನ ಎದ್ದು ನಿಲ್ಲುತ್ತಿದ್ದರು ಎಂಬುದು ಆ ಕೋಣೆಯ ಲೆಕ್ಕಕ್ಕೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಮೈದಾನ ಕೂಡ ಬದಲಾಯಿತು. 1963ರ ಕ್ರಿಸ್‌ಮಸ್ ಮರುದಿನ ಇಂಗ್ಲೆಂಡಿನ ಮೊದಲ ದರ್ಜೆಯ ಹತ್ತು ಪಂದ್ಯಗಳಲ್ಲಿ 66 ಗೋಲು ಬಂದವು; ಫುಲ್‌ಹ್ಯಾಮ್ ಇಪ್ಸ್‌ವಿಚ್ ತಂಡವನ್ನು 10-1ರಿಂದ ಹೊಡೆಯಿತು. ಬರ್ನ್‌ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಆರು ಹಾಕಿತು, ಎರಡೇ ದಿನದ ಮೇಲೆ ಯುನೈಟೆಡ್ ಬರ್ನ್‌ಲಿಗೆ ಐದು ಹಾಕಿತು. ಚಳಿಗಾಲದ ಅಂಥ ಕೆಸರಿನಲ್ಲಿ ಯಾವ ಪಾಸು ಎಲ್ಲಿ ನಿಲ್ಲುತ್ತದೋ ಹೊಡೆದವನಿಗೂ ಗೊತ್ತಿರುತ್ತಿರಲಿಲ್ಲ. ಈಗಿನ ಹುಲ್ಲು, ಕೃತಕ ಎಳೆ ಬೆರೆಸಿ ನೇಯ್ದದ್ದು, ಜನವರಿಯಲ್ಲೂ ಜಮಖಾನದಂತೆ. ಚೆಂಡು ಹೇಳಿದ ಮಾತು ಕೇಳುತ್ತದೆ. ಕೆಸರು ವಾಪಸ್ ಬರಲಿ ಎಂದು ನಾನು ಕೇಳುತ್ತಿಲ್ಲ, ಆಟಗಾರರ ಮೊಣಕಾಲುಗಳ ಮೇಲೆ ನನಗೂ ಕರುಣೆಯಿದೆ.

ಆದರೆ ಮುಂದೇನೆಂದು ಯಾರಿಗೂ ಗೊತ್ತಿರದ ಆ ಗಳಿಗೆಯೇ ಕಳೆದುಹೋದದ್ದು. ಕರಾವಳಿಯ ತಾಳಮದ್ದಳೆ ಬಲ್ಲವರಿಗೆ ಈ ಮಾತು ಬೇಗ ಹೊಳೆಯುತ್ತದೆ. ಪ್ರಸಂಗ ಎಲ್ಲರಿಗೂ ಗೊತ್ತು; ವಾಲಿ ಸಾಯುತ್ತಾನೆ, ಕರ್ಣ ಸಾಯುತ್ತಾನೆ. ರಾತ್ರಿಯೆಲ್ಲ ಜನ ಕೂರುವುದು, ಎದುರಿನ ಅರ್ಥಧಾರಿ ಎಸೆದ ಮಾತಿಗೆ ಇವನು ಈಗ, ಈ ಗಳಿಗೆಯಲ್ಲಿ, ಏನು ಹೇಳುತ್ತಾನೆ ಎಂದು. ಇಬ್ಬರೂ ಮನೆಯಲ್ಲೇ ಬರೆದು ತಂದು ಓದಿದರೆ ಪ್ರಸಂಗ ಸುಸೂತ್ರವಾಗಿ ಮುಗಿಯುತ್ತದೆ, ಭಾಷೆ ಶುದ್ಧವಾಗಿರುತ್ತದೆ, ತೊದಲುವವರಿರುವುದಿಲ್ಲ. ಜನ ಮಾತ್ರ ಚಹಾಕ್ಕೆ ಏಳುತ್ತಾರೆ.

ಸ್ಪೇನ್ ದೇಶ ಎರಡೂ ಬಗೆಯನ್ನು ನಮಗೆ ಆಡಿ ತೋರಿಸಿದೆ. 2010ರಲ್ಲಿ ಅದು ವಿಶ್ವಕಪ್ ಗೆದ್ದದ್ದು ಏಳು ಪಂದ್ಯಗಳಲ್ಲಿ ಎಂಟೇ ಗೋಲು ಹೊಡೆದು. ನಾಕೌಟಿನ ನಾಲ್ಕೂ ಪಂದ್ಯ 1-0. ಷಾವಿ, ಇನಿಯೆಸ್ತಾರ ಸೊಗಸಿನ ಮುಂದೆ ನಾವು ಗಮನಿಸದೇ ಹೋದ ಸಂಗತಿಯೆಂದರೆ, ಆ ಪಾಸುಗಳು ಮುಖ್ಯವಾಗಿ ರಕ್ಷಣೆಯಾಗಿದ್ದವು. ಚೆಂಡು ನಮ್ಮಲ್ಲಿದ್ದರೆ ಅವರು ಗೋಲು ಹೊಡೆಯಲಾರರು. ಇನಿಯೆಸ್ತಾರಂಥವರು ಇಲ್ಲದಾದಾಗ ಅಸ್ಥಿಪಂಜರ ಕಂಡಿತು: 2018ರಲ್ಲಿ ರಷ್ಯಾ ವಿರುದ್ಧ, 2022ರಲ್ಲಿ ಮೊರಾಕ್ಕೊ ವಿರುದ್ಧ, ಸಾವಿರಕ್ಕೂ ಮಿಕ್ಕಿ ಪಾಸು ಕೊಟ್ಟು ಎರಡು ಸಲವೂ ಪೆನಾಲ್ಟಿಯಲ್ಲಿ ಮನೆ ದಾರಿ ಹಿಡಿದರು. ಮೊರಾಕ್ಕೊ ವಿರುದ್ಧವಂತೂ ಪೆನಾಲ್ಟಿಗಳಲ್ಲೂ ಒಂದೂ ಒಳಗೆ ಹೋಗಲಿಲ್ಲ. ಅದೇ ಸ್ಪೇನ್ 2024ರ ಯುರೋದಲ್ಲಿ ಏಳಕ್ಕೆ ಏಳು ಗೆದ್ದು 15 ಗೋಲು ಹೊಡೆಯಿತು. ಪಾಸು ಬಿಟ್ಟಿರಲಿಲ್ಲ. ಎರಡು ಅಂಚುಗಳಲ್ಲಿ ಲಮೀನ್ ಯಮಾಲ್ ಮತ್ತು ನಿಕೊ ವಿಲಿಯಮ್ಸ್ ಇದ್ದರು. ಎದುರಿಗಿರುವವನ ಮೇಲೆ ನುಗ್ಗಿ, ಚೆಂಡು ಹೋದರೆ ಹೋಗಲಿ ಎಂಬ ಅಪ್ಪಣೆ ಅವರಿಗಿತ್ತು. ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಪೆನಾಲ್ಟಿ ಪ್ರದೇಶದ ಹೊರಗಿನಿಂದ ಯಮಾಲ್ ಬಾಗಿಸಿ ಹೊಡೆದ ಗೋಲು ಯಾವ ಅಂಕಿಅಂಶದ ಕೋಣೆಯೂ ಹೊಡೆ ಎಂದು ಹೇಳುವಂಥದ್ದಲ್ಲ. ಆಗ ಅವನಿಗೆ ಹದಿನಾರು. ಅದೇ ನನ್ನ ಇವತ್ತಿನ ಶೀರ್ಷಿಕೆ: ಚೆಂಡು ಕಳೆದುಕೊಳ್ಳುವ ಹಕ್ಕು. ಅದು ಎಷ್ಟು ಜನರಿಗಿದೆಯೋ ಪಂದ್ಯ ಅಷ್ಟು ಸೊಗಸು.

ವಿಡಿಯೊ ರೆಫರಿಯ ಬಗ್ಗೆ ಹೇಳದಿದ್ದರೆ ಸಭೆ ನನ್ನನ್ನು ಬಿಡುವುದಿಲ್ಲ. 2018ರ ವಿಶ್ವಕಪ್‌ಗೆ ಬಂದ ಈ ವಿಎಆರ್ ಪ್ರೀಮಿಯರ್ ಲೀಗಿಗೆ 2019ರಲ್ಲಿ ಬಂತು. ಆ ನವೆಂಬರಿನಲ್ಲಿ ಟಾಟೆನ್‌ಹ್ಯಾಮ್ ವಿರುದ್ಧ ಶೆಫೀಲ್ಡ್ ಯುನೈಟೆಡ್ ಹೊಡೆದ ಗೋಲೊಂದನ್ನು ಹೆಚ್ಚುಕಡಿಮೆ ನಾಲ್ಕು ನಿಮಿಷ ಗೆರೆ ಎಳೆದು ಎಳೆದು, ಆಟಗಾರನೊಬ್ಬನ ಕಾಲ್ಬೆರಳು ಆಫ್‌ಸೈಡ್ ಎಂದು ರದ್ದು ಮಾಡಿದರು. ತೀರ್ಪು ನಿಖರ. ಆದರೆ ಗೋಲು ಬಿದ್ದ ಕ್ಷಣದ ಕಿರುಚಾಟವೇ ಈ ಆಟದ ಲಾಭಾಂಶ. ತೊಂಬತ್ತು ನಿಮಿಷದಲ್ಲಿ ಎರಡು ಮೂರು ಸಲ ಮಾತ್ರ ಸಿಗುವಂಥದ್ದು. ಬ್ಯಾಸ್ಕೆಟ್‌ಬಾಲಿನಲ್ಲಿ ಒಂದು ಬುಟ್ಟಿ ತಡವಾದರೆ ಏನೂ ಹೋಗುವುದಿಲ್ಲ. ಇಲ್ಲಿ ಕಿರುಚುವ ಮೊದಲು ಪರದೆ ನೋಡುವ ಅಭ್ಯಾಸವಾದರೆ ಎಲ್ಲ ಹೋದಂತೆ. 2024ರಲ್ಲಿ ವುಲ್ವ್ಸ್ ಕ್ಲಬ್ಬು ಇದನ್ನು ಕೈಬಿಡೋಣ ಎಂದು ಗೊತ್ತುವಳಿ ತಂದಿತು, 19-1ರಿಂದ ಬಿತ್ತು. ಸ್ವೀಡನ್ನಿನಲ್ಲಿ ಕ್ಲಬ್ಬುಗಳ ಬಹುಪಾಲು ಒಡೆತನ ಸದಸ್ಯರದ್ದು, ಅಂದರೆ ನೋಡುಗರದ್ದು. ಅಲ್ಲಿನ ಉನ್ನತ ಲೀಗ್ ವಿಎಆರ್ ಬೇಡವೆಂದಿತು. ಯಾರಿಗೆ ಓಟಿದೆ ಎಂಬುದರ ಮೇಲೆ ಏನು ರಂಜನೆ ಎಂಬುದೂ ನಿಂತಿದೆ.

ಹಣದ ಮಾತು ಬೇಗ ಮುಗಿಸುತ್ತೇನೆ, ಏಕೆಂದರೆ ಎಲ್ಲರಿಗೂ ಗೊತ್ತು. ಬಾಯರ್ನ್ ಸತತ ಹನ್ನೊಂದು ವರ್ಷ ಜರ್ಮನಿ ಗೆದ್ದಿತು, ಯುವೆಂಟಸ್ ಒಂಬತ್ತು ವರ್ಷ ಇಟಲಿ ಗೆದ್ದಿತು. ಚಾಂಪಿಯನ್ಸ್ ಲೀಗ್ 125 ಪಂದ್ಯಗಳಿಂದ 189ಕ್ಕೆ ಏರಿತು. ಪಂದ್ಯ ಹೆಚ್ಚಾದಷ್ಟೂ ದಣಿದ ಕಾಲುಗಳು ಪಾಸನ್ನೇ ವಿಶ್ರಾಂತಿಯಾಗಿ ಬಳಸುತ್ತವೆ, ಇಷ್ಟು ಸಾಕು. ಕಾರ್ನರ್ ಮತ್ತು ಉದ್ದನೆಯ ಥ್ರೋಗಳ ಹೊಸ ಭರಾಟೆಯೂ ಅಪಾಯ ತಪ್ಪಿಸುವ ಇದೇ ಲೆಕ್ಕಕ್ಕೆ ಸೇರುತ್ತದೆ. ಆರ್ಸೆನಲ್ ಕಾರ್ನರಿಗೆಂದೇ ಇಟ್ಟುಕೊಂಡಿರುವ ಕೋಚು ನಿಕೊಲಾ ಜೊವರ್ ಗೋಲಾದಾಗ ಟಿ.ವಿ. ಪರದೆಯಲ್ಲಿ ಆಟಗಾರನಷ್ಟೇ ಕಾಣುತ್ತಾನೆ. ತೆರೆದ ಆಟದಲ್ಲಿ ದಾರಿ ಮುಚ್ಚಿದೆ ಎಂದಾಗ ನಿಂತ ಚೆಂಡಿನ ಕಡೆ ತಿರುಗುವುದು ಜಾಣತನ. ಆರು ಮಂದಿ ಕೀಪರನ ಸುತ್ತ ನೂಕಾಡುವುದನ್ನು ನೋಡಲು ನನಗೆ ಮನಸ್ಸಿಲ್ಲ, ಅಷ್ಟೇ.

ನಮ್ಮೂರಿನ ಕಡೆ ಒಂದು ನೋಟ. ಬೆಂಗಳೂರಿನ ಆಸ್ಟಿನ್ ಟೌನ್, ಹಲಸೂರಿನ ಗೌತಮಪುರಗಳಲ್ಲಿ ಫುಟ್‌ಬಾಲು ಬೆಳೆದದ್ದು ಇಕ್ಕಟ್ಟಿನ ಜಾಗದಲ್ಲಿ. ಗೌತಮಪುರದವರು ಪೆಲೆಗೆ ಪ್ರತಿಮೆ ನಿಲ್ಲಿಸಿಕೊಂಡಿದ್ದಾರೆ. ಅಂಥ ಓಣಿಗಳಲ್ಲಿ ಎದುರಿನವನನ್ನು ದಾಟದೇ ಬೇರೆ ದಾರಿಯಿಲ್ಲ. ಈಗಿನ ಅಕಾಡೆಮಿಗಳಲ್ಲಿ ಹತ್ತು ವರ್ಷದ ಮಕ್ಕಳಿಗೆ ಮೊದಲ ಪಾಠವೇ ಎರಡು ಟಚ್ಚಿನಲ್ಲಿ ಚೆಂಡು ಬಿಡುವುದು. ಗೆಲ್ಲಲು ಕಲಿಸುವ ಮೊದಲೇ ಕಳೆದುಕೊಳ್ಳದಿರಲು ಕಲಿಸುವುದು ನನಗೆ ಅರ್ಥವಾಗದ ಅವಸರ. ಇನ್ನು 2023ರ ಮಾರ್ಚ್ 3ರ ರಾತ್ರಿ ಕಂಠೀರವದಲ್ಲಿ ನಡೆದದ್ದನ್ನು ಬೆಂಗಳೂರಿನವರು ಮರೆತಿಲ್ಲ, ಕೇರಳದವರಂತೂ ಮರೆಯುವುದಿಲ್ಲ. ಇಂಡಿಯನ್ ಸೂಪರ್ ಲೀಗಿನ ಪ್ಲೇಆಫ್, ಹೆಚ್ಚುವರಿ ಸಮಯ, ಬೆಂಗಳೂರಿಗೆ ಫ್ರೀಕಿಕ್. ಕೇರಳ ಬ್ಲಾಸ್ಟರ್ಸ್ ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಸುನಿಲ್ ಛೆಟ್ರಿ ಚೆಂಡನ್ನು ಖಾಲಿ ಮೂಲೆಗೆ ಕಳಿಸಿಬಿಟ್ಟ. ರೆಫರಿ ಗೋಲು ಎಂದ. ಬ್ಲಾಸ್ಟರ್ಸ್‌ನ ಕೋಚು ಇಡೀ ತಂಡವನ್ನು ಮೈದಾನದಿಂದ ಕರೆದುಕೊಂಡು ಹೋದ. ಆಮೇಲೆ ಆ ಕ್ಲಬ್ಬಿಗೆ ನಾಲ್ಕು ಕೋಟಿ ದಂಡ ಬಿತ್ತು. ನ್ಯಾಯ ಅನ್ಯಾಯ ಬದಿಗಿಡಿ. ಪಂದ್ಯದ ಉಳಿದ ತೊಂಬತ್ತೈದು ನಿಮಿಷ ಯಾರಿಗಾದರೂ ನೆನಪಿದೆಯೇ? ಸಿದ್ಧವಾಗುವ ಮೊದಲೇ ಆಡಿಬಿಟ್ಟ ಒಬ್ಬ ಮನುಷ್ಯ ನೆನಪಿದ್ದಾನೆ.

ಏನು ಮಾಡಬೇಕು? ನಿಯಮ ತಿದ್ದುವ ಮಂಡಳಿ ಒಂದಿದೆ, 1886ರಿಂದ. ಎಂಟು ಓಟು, ನಾಲ್ಕು ಫಿಫಾದ್ದು, ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳದ್ದು ಒಂದೊಂದು. ಆರು ಬಿದ್ದರೆ ನಿಯಮ ಬದಲು. ಕೀಪರ್ ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಎದುರಾಳಿಗೆ ಕಾರ್ನರ್ ಎಂದು 2025ರಲ್ಲಿ ತಂದರು. ಕೈಯಲ್ಲಿ ಮಾತ್ರ, ಕಾಲಿನಲ್ಲಿ ಅಲ್ಲ, ಹಾಗಾಗಿ ರೋಗ ಇರುವ ಕಡೆ ಮುಟ್ಟಲಿಲ್ಲ. ಆರ್ಸೆನಲ್‌ನ ಹಿಂದಿನ ಮ್ಯಾನೇಜರ್ ಆರ್ಸೆನ್ ವೆಂಗರ್ ಮುಂದಿಟ್ಟಿರುವ ಸಲಹೆ ದೊಡ್ಡದು: ಮುನ್ಪಡೆಯವನ ದೇಹದ ಯಾವುದಾದರೂ ಭಾಗ ಡಿಫೆಂಡರನ ಸಾಲಿನಲ್ಲಿದ್ದರೆ ಅವನು ಆಫ್‌ಸೈಡ್ ಅಲ್ಲ. ಕಾಲ್ಬೆರಳಿನ ರಗಳೆ ಕಡಿಮೆಯಾದೀತು, ಮುಂದೆ ಓಡುವವನಿಗೆ ಅರ್ಧ ಗಜ ಸಿಕ್ಕೀತು. ನನ್ನದು ಇನ್ನೊಂದು ಸಲಹೆ, ಮಂಡಳಿ ಕೇಳದಿದ್ದರೂ ಹೇಳುತ್ತೇನೆ: ಮಧ್ಯದ ಗೆರೆ ದಾಟಿದ ಚೆಂಡನ್ನು ಮತ್ತೆ ಸ್ವಂತ ಕೀಪರ್‌ಗೆ ಕೊಡುವಂತಿಲ್ಲ ಎಂದರೆ ಏನಾಗುತ್ತದೆ? ಹನ್ನೊಂದು ಎದುರು ಹತ್ತು ಎಂಬ ಲೆಕ್ಕ ಎದುರಾಳಿಯ ಅರ್ಧದಲ್ಲಿ ಮುರಿಯುತ್ತದೆ. ಬ್ಯಾಸ್ಕೆಟ್‌ಬಾಲಿನಲ್ಲಿ ಇಂಥದ್ದು ದಶಕಗಳಿಂದ ಇದೆ.

ಎರಡಕ್ಕೂ ಪ್ರತಿತಂತ್ರ ಬರುತ್ತದೆ, ಅದನ್ನು ಬಚ್ಚಿಡುವುದಿಲ್ಲ. ವೆಂಗರ್‌ನ ಆಫ್‌ಸೈಡ್ ಬಂದರೆ ಎದೆಗಾರಿಕೆಯಿಂದ ಮುಂದೆ ನಿಲ್ಲುವ ಡಿಫೆಂಡರ್ ಸಾಲು ಇಪ್ಪತ್ತು ಗಜ ಹಿಂದೆ ಸರಿಯಬಹುದು. 2025ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಇಂಟರ್ ಮತ್ತು ಬಾರ್ಸಿಲೋನಾ ಎರಡು ಪಂದ್ಯ ಸೇರಿ 7-6 ಎಂಬ ನಂಬಲಾಗದ ಆಟ ಆಡಿದ್ದು ಬಾರ್ಸಿಲೋನಾದ ಅಂಥ ಮುಂದಿನ ಸಾಲಿನ ಧೈರ್ಯದಿಂದಲೇ; ಆ ಧೈರ್ಯವನ್ನೇ ಈ ನಿಯಮ ಕೊಂದುಬಿಡಬಹುದು. ನನ್ನ ಮಧ್ಯಗೆರೆ ನಿಯಮ ಬಂದರೆ ಕೆಲವು ತಂಡಗಳು ಗೆರೆಯನ್ನೇ ದಾಟದೆ ಕೂರಬಹುದು. ಆದರೂ ಹೊಸ ತಂತ್ರ ಹಳತಾಗಲು ಹದಿನೈದು ಇಪ್ಪತ್ತು ವರ್ಷ ಬೇಕು. ಆ ನಡುವಿನ ವರ್ಷಗಳು ನೋಡುಗನವು.

ಪ್ರಶ್ನೆಗಳಿಗೆ ಸಮಯವಿದೆ. ಸಭೆಯಲ್ಲಿ ಗೋಲ್‌ಕೀಪರ್ ಆಗಿ ಆಡಿದವರು ಯಾರಾದರೂ ಇದ್ದರೆ ಮೊದಲು ಅವರೇ ಏಳಲಿ, ಅವರ ಮೇಲೆ ನಾನು ಹೊರಿಸಿದ್ದು ಸಾಕಷ್ಟಾಯಿತು.